ಗೋವಿಂದಯ್ಯನವರ ಸಹಿ

ನಿರಂಜನ್‌ಗೆ ಶಾಲು ಹೊದಿಸಿ, ಪೇಟ ಇಟ್ಟು, ಹಣ್ಣಿನ ಬುಟ್ಟಿ ಕೊಟ್ಟ ದಿನ ಆಶಾರಾಣಿ ಮೂರನೇ ಸಾಲಿನಲ್ಲಿ ಕೂತು ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ನ್ಯಾಯವಾಗಿ ನೋಡಿದರೆ ಆ ಬುಟ್ಟಿಯ ಸೇಬುಗಳು ಅವಳವು. ಸಂಸ್ಥೆಗೆ ನಾಲ್ಕು ಕಾಲೇಜುಗಳಿದ್ದವು: ಚಿತ್ರದುರ್ಗದಲ್ಲಿ ದೊಡ್ಡದು, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗಗಳಲ್ಲಿ ಚಿಕ್ಕವು. ದುರ್ಗದ ಕಚೇರಿಯಿಂದ ಆ ಮೂರು ಊರುಗಳಿಗೆ ಇಮೇಲಿನಲ್ಲಿ ಹೋಗುವ ಆದೇಶಗಳಿಗೆ ಕಂಪ್ಯೂಟರಿನಲ್ಲೇ ಸಹಿ ಹಾಕುವ ಪ್ರೋಗ್ರಾಂ ಬರೆದವಳು ಅವಳು, ಗಣಿತದ ಲೆಕ್ಚರರ್. ನಿರಂಜನ್ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ಪ್ರೋಗ್ರಾಂ ತೆರೆದ ಕೂಡಲೇ ದೊಡ್ಡ ಅಕ್ಷರಗಳಲ್ಲಿ ಅವನ ಹೆಸರು ಬರುತ್ತಿತ್ತು. ಆ ಒಂದು ಭಾಗವನ್ನು ಅವನು ಯಾರ ಸಹಾಯವೂ ಇಲ್ಲದೆ ಬರೆದಿದ್ದ.

ಅವಳು ಅದನ್ನು ಬರೆದದ್ದು ಗಂಡ ಹನುಮೇಶ ತೀರಿಹೋದ ವರ್ಷ. ಮನೆಗೆ ಬಂದವರೆಲ್ಲ ಕೂತು ಏನಾದರೊಂದು ಹೇಳುತ್ತಿದ್ದರು. ಪರದೆಯ ಮೇಲಿನ ಅಂಕಿಗಳು ಏನೂ ಹೇಳುತ್ತಿರಲಿಲ್ಲ. ಅದಕ್ಕೇ ಅವಳು ಕಾಲೇಜಿನ ಲ್ಯಾಬಿನಲ್ಲಿ ಹೆಚ್ಚು ಹೊತ್ತು ಕೂರಲು ಶುರುಮಾಡಿದ್ದು. ಕೆಲಸ ಮುಗಿದಾಗ ಅದು ತನ್ನದು ಅನ್ನಿಸಬೇಕು ಎಂಬುದು ಕೂಡ ಅವಳಿಗೆ ಹೊಳೆಯಲಿಲ್ಲ. ಹೊಳೆದದ್ದು ಶಾಲು ನೋಡಿದ ಮೇಲೆ.

ಸಂಸ್ಥೆಯ ಸೆಕ್ರೆಟರಿ ಗೋವಿಂದಯ್ಯನವರ ಹತ್ತಿರ ಹೋಗಿ ಹೇಳಿದಳು. ಅವರು ನಿವೃತ್ತ ಹೆಡ್ಮಾಸ್ಟರು, ಖಾದಿ ಜುಬ್ಬಾ, ಕನ್ನಡಕವನ್ನು ಹಣೆಗೇರಿಸಿಕೊಂಡು ಕೇಳಿಸಿಕೊಳ್ಳುವ ಅಭ್ಯಾಸ.

“ಸಾರ್, ಆ ಪ್ರೋಗ್ರಾಂ ನಾನು ಬರೆದಿದ್ದು.”

“ಆಗ್ಲಿ ಬಿಡಮ್ಮ. ಮದುವೆ ಮನೇಲಿ ಅಡಿಗೆ ಯಾರು ಮಾಡಿದ್ರು ಅಂತ ಉಣ್ಣೋರು ಕೇಳ್ತಾರಾ? ಬಡಿಸ್ದೋರ ಮುಖ ನೋಡ್ತಾರೆ, ಅಷ್ಟೆ. ಸಂಸ್ಥೆಗೆ ಒಳ್ಳೇದಾತಲ್ಲ?”

ಮುಂದಿನ ವಾರವೇ ಅವಳನ್ನು ಆಡಳಿತದ ಹಿತದೃಷ್ಟಿಯಿಂದ ಹೊಸದುರ್ಗಕ್ಕೆ ವರ್ಗ ಮಾಡಿದ ಆದೇಶ ಬಂತು. ಕಾಗದದ ಕೆಳಗೆ ಅಂಕಿಗಳ ಸಾಲುಗಳಿದ್ದವು, ಗೋವಿಂದಯ್ಯನವರ ಸಹಿ. ಅವಳ ಗಣಿತ ಮಾಡಿದ ಮೊದಲ ಉಪಕಾರ ಅದು.

ದುರ್ಗದಿಂದ ಹೊಸದುರ್ಗಕ್ಕೆ ಹೊಳಲ್ಕೆರೆ ಮೇಲೆ ಹಾದು ಹೋಗುವ ಪ್ರೈವೇಟ್ ಬಸ್ಸು ಎರಡು ಗಂಟೆ ತೆಗೆದುಕೊಳ್ಳುತ್ತಿತ್ತು. ಡ್ರೈವರಿಗೆ ಹೊಳಲ್ಕೆರೆಯಲ್ಲಿ ಟೀ ಹಿಡಿಸಿದರೆ ಇನ್ನೂ ಜಾಸ್ತಿ. ಜೋಗಿಮಟ್ಟಿ ರಸ್ತೆಯ ಮನೆಯಿಂದ ಅವಳು ಹೊರಡುವಾಗ ಮಗಳು ಸುಷ್ಮಿತಾ ಇನ್ನೂ ಮಲಗಿರುತ್ತಿದ್ದಳು. ವಾಪಸು ಬರುವ ಹೊತ್ತಿಗೆ ಮಗಳ ಆಟ, ಜಗಳ, ಮಗ್ಗಿ ಎಲ್ಲ ಮುಗಿದಿರುತ್ತಿತ್ತು.

“ಸ್ಕೂಲಲ್ಲಿ ಏನಾಯ್ತು ಪುಟ್ಟಿ?”

“ಅಜ್ಜಿಗೆ ಹೇಳ್ದೆ. ಅಜ್ಜೀನ ಕೇಳು.”

ಅತ್ತೆ ಚಂದ್ರಕ್ಕ ಹೇಳುತ್ತಿದ್ದಳು. ಇವತ್ತು ಮಗು ಜಗುಲಿಯಿಂದ ಬಿತ್ತು. ಇವತ್ತು ಮುಂದಿನ ಹಲ್ಲು ಹೋಯಿತು, ಸೂರಿನ ಮೇಲೆ ಎಸೆದೆವು. ಇವತ್ತು ಅಪ್ಪ ಎಲ್ಲಿಗೆ ಹೋಗಿದಾನೆ ಅಂತ ಕೇಳಿತು, ಏನೋ ಒಂದು ಹೇಳಿದೆ. ಚಂದ್ರಕ್ಕ ಕೆಟ್ಟವಳಲ್ಲ. ಸೊಂಟ ಹಿಡಿದುಕೊಂಡೇ ಎಲ್ಲ ಮಾಡುತ್ತಿದ್ದಳು. “ನಿನ್ ಮಗಳ ಕಥೆ ಒಪ್ಪಿಸೋಕೇ ನನ್ನ ಇಟ್ಕೊಂಡಿದೀಯ ನೀನು, ರೇಡಿಯೋ ಥರ” ಎಂದು ಒಂದು ದಿನ ಅಂದಳು. ಆಶಾರಾಣಿ ನಕ್ಕಳು, ನಗಬೇಕಾದ ಜಾಗ ಅಂತ ಗೊತ್ತಾದ್ದರಿಂದ. ಸ್ವಂತ ಮಗಳ ಸುದ್ದಿ ಇನ್ನೊಬ್ಬರ ಬಾಯಿಂದ ಬರುವುದು ಅವಳಿಗೆ ನೋವು ಮಾಡುತ್ತಿರಲಿಲ್ಲ. ಆ ದಿನಗಳಲ್ಲಿ ಯಾವುದೂ ಮಾಡುತ್ತಿರಲಿಲ್ಲ. ಹೀಗೇ ಬಿಟ್ಟರೆ ಇದು ಅಭ್ಯಾಸವಾಗಿಬಿಡುತ್ತದೆ ಎಂಬ ಒಂದು ಯೋಚನೆ ಮಾತ್ರ, ಬೇರೆ ಯಾರದೋ ಯೋಚನೆಯ ಹಾಗೆ, ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂರುತ್ತಿತ್ತು.

ದುರ್ಗದಲ್ಲಿ ಅವಳ ಜಾಗಕ್ಕೆ ಬಂದಿದ್ದವನು ಕಿರಣ್‌ಕುಮಾರ್. ಅವನ ಊರು ಹೊಸದುರ್ಗದ ಪಕ್ಕ. ಅವನು ಊರಿಗೆ ಹೋಗಬೇಕೆಂದು ತಿಂಗಳಿಗೊಂದು ಅರ್ಜಿ ಹಾಕುತ್ತಿದ್ದ, ಇವಳು ದುರ್ಗಕ್ಕೆ ಬರಬೇಕೆಂದು ಎರಡು ಹಾಕಿದ್ದಳು. ಇಬ್ಬರನ್ನೂ ಅದಲು ಬದಲು ಮಾಡಿದರೆ ಜಗತ್ತಿನಲ್ಲಿ ಯಾರಿಗೂ ನಷ್ಟವಿರಲಿಲ್ಲ. ಬಹುಶಃ ಅದಕ್ಕೇ ಆಗುತ್ತಿರಲಿಲ್ಲ.

ಅವಳ ಪ್ರೋಗ್ರಾಮಿನ ಗಣಿತ ಹೇಳಲು ಕಷ್ಟದ್ದಲ್ಲ. ಅಂಗಳದಲ್ಲಿ ರಂಗೋಲಿಗೆ ಇಡುವ ಚುಕ್ಕಿಗಳನ್ನು ನೆನೆಸಿಕೊಂಡರೆ ಸಾಕು. ಒಂದು ಚುಕ್ಕಿಯಿಂದ ಬಲಕ್ಕೊಂದು ಗೇಣು, ಮೇಲಕ್ಕೊಂದು ಗೇಣು ಎಂದು ನಡೆದರೆ ಎಲ್ಲ ಚುಕ್ಕಿಗಳಿಗೂ ಹೋಗಬಹುದು. ಅವೇ ಚುಕ್ಕಿಗಳಿಗೆ ಉದ್ದುದ್ದ, ಓರೆ ಓರೆ ಹೆಜ್ಜೆ ಹಾಕಿಯೂ ಹೋಗಬಹುದು. ಗಣಿತದವರು ಈ ಚುಕ್ಕಿಗಳ ಹರವಿಗೆ ಲ್ಯಾಟಿಸ್ ಎನ್ನುತ್ತಾರೆ. ಗಿಡ್ಡ ನೇರ ಹೆಜ್ಜೆಗಳು ಸಹಿ ಹಾಕುವವನ ಗುಟ್ಟು, ಅದೇ ಅವನ ಕೀಲಿ. ಓರೆ ಹೆಜ್ಜೆಗಳನ್ನು ಊರಿಗೆಲ್ಲ ಹಂಚಬಹುದು. ಆದೇಶದ ಪ್ರತಿಯೊಂದು ಅಕ್ಷರವನ್ನೂ ಅರೆದು ಪ್ರೋಗ್ರಾಂ ಚುಕ್ಕಿಗಳ ನಡುವೆ ಎಲ್ಲೋ ಒಂದು ಜಾಗ ಗುರುತು ಮಾಡುತ್ತದೆ. ಆ ಜಾಗಕ್ಕೆ ಹತ್ತಿರದ ಚುಕ್ಕಿ ಯಾವುದು ಎಂದು ತೋರಿಸುವುದೇ ಸಹಿ. ಅಂಗಳದಲ್ಲಾದರೆ ಯಾರು ಬೇಕಾದರೂ ಬೆರಳಿಟ್ಟು ತೋರಿಸಿಯಾರು. ಆದರೆ ಈ ಅಂಗಳಕ್ಕೆ ಬಲ, ಎಡ, ಮೇಲೆ, ಕೆಳಗೆ ಮಾತ್ರ ಇರುವುದಿಲ್ಲ, ನೂರಾರು ದಿಕ್ಕುಗಳಿರುತ್ತವೆ. ಅಲ್ಲಿ ಓರೆ ಹೆಜ್ಜೆ ಹಾಕುವವನು ಹತ್ತಿರದ ಚುಕ್ಕಿಯನ್ನು ಎಂದೆಂದಿಗೂ ಹುಡುಕಲಾರ. ನೇರ ಹೆಜ್ಜೆ ಗೊತ್ತಿದ್ದವನಿಗೆ ಅದು ಕ್ಷಣದ ಕೆಲಸ. ಅವನು ತೋರಿಸಿದ ಮೇಲೆ ಅದು ಹತ್ತಿರದ್ದು ಹೌದೋ ಅಲ್ಲವೋ ಎಂದು ಓರೆ ಹೆಜ್ಜೆಯವರೂ ಪರೀಕ್ಷೆ ಮಾಡಬಹುದು.

ಮದುವೆಗೆ ಮುಂಚೆ ಯೂನಿವರ್ಸಿಟಿಯಲ್ಲಿ ಅವಳು ಇದರ ಮೇಲೆ ಪಿಎಚ್‌ಡಿ ಶುರುಮಾಡಿದ್ದಳು. ತೊಂಬತ್ತರ ದಶಕದ ಕೊನೆಗೆ ಹೊಸದಾಗಿ ಬಂದಿದ್ದ ವಿದ್ಯೆ. ಸಂಸ್ಥೆಯ ಮುದಿ ಕಂಪ್ಯೂಟರಿಗೆ ಬೇರೆ ವಿಧಾನಗಳು ಏದುಸಿರು ತರಿಸುತ್ತಿದ್ದವು, ಇದು ಹಗುರವಾಗಿ ಓಡುತ್ತಿತ್ತು. ಇನ್ನೂ ಹಗುರವಾಗಲಿ ಎಂದು ಅವಳೇ ದಿಕ್ಕುಗಳನ್ನು ಒಂದಿಷ್ಟು ಕಡಿಮೆ ಮಾಡಿದ್ದಳು. ಸಹಿ ಸರಿಯೋ ತಪ್ಪೋ ಎಂದು ನೋಡುವ ಗುಮಾಸ್ತರಿಗೆ ಏನೂ ಓದುವ ಕಷ್ಟ ಬೇಡ ಎಂದು ಪರದೆಯ ಮೇಲೆ ಒಂದು ಪಟ್ಟಿ ಬರುವಂತೆ ಮಾಡಿದ್ದಳು, ಸರಿಯಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಗೋವಿಂದಯ್ಯನವರ ಕೀಲಿ ಒಂದು ಫ್ಲಾಪಿಯಲ್ಲಿತ್ತು. ಅದನ್ನು ಅವರು ಜುಬ್ಬಾದ ಜೇಬಿನಲ್ಲಿ, ಅಡಕೆ ಚೀಲದ ಜೊತೆ ಇಟ್ಟುಕೊಂಡು, ಸ್ನಾನಕ್ಕೆ ಹೋಗುವಾಗ ಮಾತ್ರ ತೆಗೆದಿಡುತ್ತಿದ್ದರು.

ಅಪರಾಧ ಮಾಡಬಹುದು ಎಂದು ಅವಳಿಗೆ ತೋರಿಸಿದ್ದು ಕುರಿಗಳು.

ಹೊಳಲ್ಕೆರೆ ದಾಟಿದ ಮೇಲೆ ರಸ್ತೆ ಪಕ್ಕದ ಹೊಲವೊಂದರಲ್ಲಿ ಯಾರೋ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. ಅವತ್ತು ಬೆಳಿಗ್ಗೆ ನೋಡಿದರೆ ಕುರಿಗಳೂ ಇಲ್ಲ, ಕುರುಬರೂ ಇಲ್ಲ, ಸುತ್ತ ಕಟ್ಟಿದ್ದ ತಡಿಕೆಗಳೂ ಇಲ್ಲ. ನೆಲದ ಮೇಲೆ ಹಿಕ್ಕೆ ಮಾತ್ರ ಇತ್ತು. ಒಂದೊಂದು ಹಿಕ್ಕೆ ಎಲ್ಲಿ ಬಿದ್ದಿದೆ ಎಂಬುದಕ್ಕೆ ಅರ್ಥವಿಲ್ಲ. ಎಲ್ಲವನ್ನೂ ಒಟ್ಟಿಗೆ ನೋಡಿದರೆ ಕುರಿ ಕೂಡಿದ್ದ ರೊಪ್ಪದ ನಾಲ್ಕು ಬದಿ, ಅದು ಒಂದು ಕಡೆ ಓರೆಯಾಗಿದ್ದದ್ದು, ಎಲ್ಲವೂ ಗೆರೆ ಎಳೆದ ಹಾಗೆ ಕಾಣುತ್ತಿತ್ತು.

ಅವಳು ಗಟ್ಟಿಯಾಗಿ ನಕ್ಕಳು. ಪಕ್ಕದಲ್ಲಿ ಕರಿಬೇವಿನ ಮೂಟೆ ಇಟ್ಟುಕೊಂಡು ದಿನವೂ ಬರುತ್ತಿದ್ದ ಬಸಮ್ಮ ತಿರುಗಿ ನೋಡಿದಳು.

“ಯಾಕವ್ವ ಟೀಚರಮ್ಮ, ನಗ್ತೀಯ? ಏನೈತೆ ಅಲ್ಲಿ?”

“ಹಿಕ್ಕೆ.”

“ಹಿಕ್ಕೆ ನೋಡಿ ನಗೋದಾ! ಓದಿದೋರ ತಲೇನೇ ತಲೆ ಬಿಡು. ನಗು ನಗು, ಇಷ್ಟು ದಿನದಾಗೆ ನಿನ್ ಹಲ್ಲು ಇವತ್ತೇ ಕಂಡಿದ್ದು.”

ಸಹಿಗಳೂ ಹಾಗೇ. ಆದೇಶ ಗುರುತು ಮಾಡಿದ ಜಾಗಕ್ಕೂ ಸಹಿಯ ಚುಕ್ಕಿಗೂ ನಡುವಿನ ಅಂತರ ಪ್ರತಿ ಸಾರಿಯೂ ಒಂದು ಪುಟ್ಟ ಓರೆ ಪೆಟ್ಟಿಗೆಯೊಳಗೇ ಬೀಳುತ್ತದೆ. ಆ ಪೆಟ್ಟಿಗೆಯ ಬದಿಗಳೇ ಗುಟ್ಟಿನ ಹೆಜ್ಜೆಗಳು. ಒಂದು ಸಹಿ ಏನನ್ನೂ ಹೇಳುವುದಿಲ್ಲ. ಸಾವಿರಾರು ಸಹಿಗಳನ್ನು ಒಟ್ಟಿಗೆ ಹರಡಿದರೆ ರೊಪ್ಪ ಕಾಣುತ್ತದೆ. ಗೋವಿಂದಯ್ಯನವರು ಪ್ರತಿ ಸಹಿಯ ಜೊತೆಗೂ ತಮ್ಮ ಕೀಲಿಯ ಒಂದು ಕಣವನ್ನು ಉದುರಿಸುತ್ತಾ ಬಂದಿದ್ದರು, ಅಡಕೆ ಚೀಲಕ್ಕೆ ತೂತು ಬಿದ್ದ ಹಾಗೆ.

ಇದೊಂದು ದೊಡ್ಡ ಸಂಶೋಧನೆ ಎಂದು ಆಶಾರಾಣಿಗೆ ಅನ್ನಿಸಿತು. ಆ ಶನಿವಾರ ದುರ್ಗದ ಸೈಬರ್ ಕೆಫೆಯಲ್ಲಿ ಕೂತು ಹುಡುಕಿದಳು. ಎರಡು ಸಾವಿರದ ಆರನೇ ಇಸವಿ ಅದು. ಅದೇ ವರ್ಷ ಹೊರದೇಶದ ಇಬ್ಬರು ಇದನ್ನೇ ಕಂಡುಹಿಡಿದು ದೊಡ್ಡ ಸಮ್ಮೇಳನದಲ್ಲಿ ಓದಿ ಮುಗಿಸಿದ್ದರು. ಅವರಿಗೆ ಯಾವ ಕುರಿ ಸಹಾಯ ಮಾಡಿತ್ತೋ ಬರೆದಿರಲಿಲ್ಲ. ಅವಳು ಪ್ರಬಂಧವನ್ನು ಎರಡು ಸಲ ಓದಿ, ಪ್ರಿಂಟು ತೆಗೆಸಿ, ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಕೀರ್ತಿ ಕೈತಪ್ಪಿ ಹೋಗಿತ್ತು. ಉಳಿದದ್ದು ಅಪರಾಧ ಒಂದೇ.

ಸಹಿಗಳಿಗೇನೂ ಬರವಿರಲಿಲ್ಲ. ನಿರಂಜನ್ ಹುಮ್ಮಸ್ಸಿನಲ್ಲಿ ನಾಲ್ಕೂ ಕಾಲೇಜುಗಳ ಹಾಲ್ ಟಿಕೆಟ್ಟು, ವ್ಯಾಸಂಗ ಪತ್ರ ಎಲ್ಲಕ್ಕೂ ಸಹಿ ಹಾಕಿಸಿದ್ದ. ಅವನ್ನು ದುರ್ಗದಲ್ಲೇ ಮುದ್ರಿಸಿ ಕಟ್ಟು ಕಟ್ಟಿ ಕಳಿಸುತ್ತಿದ್ದರು, ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ. ಆದರೆ ಪ್ರೋಗ್ರಾಂ ತಾನು ಹಾಕಿದ ಪ್ರತಿ ಸಹಿಯದೂ ಒಂದು ನಕಲನ್ನು ತನ್ನಲ್ಲೇ ಇಟ್ಟುಕೊಳ್ಳುತ್ತಿತ್ತು. ರಜೆಯಲ್ಲಿ ಒಮ್ಮೆ ನಿರಂಜನ್ ಅವಳನ್ನೇ ಕರೆಸಿ, “ಮೇಡಂ, ಯಾಕೋ ಸ್ಲೋ ಆಗಿದೆ, ನೋಡ್ತೀರಾ ಸ್ವಲ್ಪ?” ಎಂದಿದ್ದ. ಅವಳು ನೋಡಿದಳು. ಹಳೆಯ ನಕಲುಗಳನ್ನೆಲ್ಲ ಸಿ.ಡಿ.ಗಳಿಗೆ ತುಂಬಿ ಜಾಗ ಖಾಲಿ ಮಾಡಿದಳು. ಒಂದು ಜೊತೆ ಸಿ.ಡಿ. ಅವನಿಗೆ ಕೊಟ್ಟಳು, ಇನ್ನೊಂದು ಜೊತೆಯನ್ನು ಮಗಳ ಬಣ್ಣದ ಪೆನ್ಸಿಲ್ ಡಬ್ಬಿಯ ಕೆಳಗೆ ಇಟ್ಟಳು. ನಿರಂಜನ್ ಥ್ಯಾಂಕ್ಸ್ ಹೇಳಿ ಕಾಫಿ ತರಿಸಿದ. ಕಳ್ಳತನಕ್ಕೆ ಕರೆಸಿ ಕಾಫಿ ಕೊಡುವುದು ದುರ್ಗದವರ ದೊಡ್ಡಗುಣ.

ಲೆಕ್ಕ ಮಾಡಿದ್ದು ಹೊಸದುರ್ಗದ ಲ್ಯಾಬು. ಶನಿವಾರ ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಅವಳು ಎಲ್ಲ ಕಂಪ್ಯೂಟರುಗಳಿಗೂ ಕೆಲಸ ಹಚ್ಚಿ, “ವೈರಸ್ ಇದೆ, ಮುಟ್ಟಬೇಡಿ” ಎಂದು ಚೀಟಿ ಅಂಟಿಸಿ ಬಸ್ಸು ಹಿಡಿಯುತ್ತಿದ್ದಳು. ಸೋಮವಾರ ಬಂದು ನೋಡಿದರೆ ಕರೆಂಟು ಹೋಗಿ ಎಲ್ಲ ಮೊದಲಿಂದ ಶುರುವಾಗಬೇಕಾಗಿರುತ್ತಿತ್ತು. ಆಮೇಲೆ ಅರ್ಧ ಕೆಲಸವನ್ನು ಉಳಿಸಿಟ್ಟುಕೊಳ್ಳುವಂತೆ ಪ್ರೋಗ್ರಾಂ ತಿದ್ದಿದಳು. ಒಂದು ಸೋಮವಾರ, ಮೊದಲ ಪೀರಿಯಡ್ಡಿಗೆ ಬೆಲ್ಲು ಹೊಡೆಯುವ ಮುಂಚೆ, ಮೂಲೆಯ ಕಂಪ್ಯೂಟರಿನ ಪರದೆಯಲ್ಲಿ ಪುಟ್ಟ ಪುಟ್ಟ ಅಂಕಿಗಳ ಸಾಲುಗಳು ನಿಂತಿದ್ದವು. ಗಿಡ್ಡ ನೇರ ಹೆಜ್ಜೆಗಳು. ಗೋವಿಂದಯ್ಯನವರ ಜುಬ್ಬಾದ ಜೇಬು.

ಆವತ್ತು ತರಗತಿಯಲ್ಲಿ ಅವಳು ಸಮಾಕಲನ ಪಾಠ ಮಾಡಿದಳು. ಪಾಠ ಚೆನ್ನಾಗಿ ಬಂತು.

ಆ ಕೀಲಿಯಿಂದ ಅವಳು ಏನನ್ನು ಬೇಕಾದರೂ ಮಾಡಬಹುದಿತ್ತು. ತನ್ನನ್ನೇ ಪ್ರಿನ್ಸಿಪಾಲ್ ಮಾಡಿಕೊಳ್ಳಬಹುದಿತ್ತು. ಹಿರಿಯೂರು ಕಾಲೇಜಿಗೆ ಒಂದು ವಾರ ರಜೆ ಕೊಡಬಹುದಿತ್ತು. ಇಡೀ ಜಿಲ್ಲೆಯಲ್ಲಿ ಅಷ್ಟು ಅಧಿಕಾರ ಯಾರ ಕೈಯಲ್ಲೂ ಇರಲಿಲ್ಲ. ಜಗತ್ತಿನ ಗಣಿತಜ್ಞರು ತಲೆ ಕೆಡಿಸಿಕೊಳ್ಳುವ ಸಮಸ್ಯೆಯೊಂದನ್ನು ಒಡೆದು ಅವಳು ಕೇಳಿಕೊಂಡದ್ದು ಹೊಸದುರ್ಗದಿಂದ ದುರ್ಗಕ್ಕೆ ಒಂದು ವರ್ಗ. ಡ್ರೈವರ್ ಟೀ ಕುಡಿಯದಿದ್ದರೆ ಎರಡು ಗಂಟೆಯ ದಾರಿ.

ಆದೇಶವನ್ನು ಎಚ್ಚರದಿಂದ ಬರೆದಳು. ಮೊದಲ ಕರಡಿನಲ್ಲಿ ನಿರಂಜನ್‌ನನ್ನು ಹೊಸದುರ್ಗಕ್ಕೆ ಹಾಕಿದಳು. ಓದಿದಳು, ತುಂಬ ಚೆನ್ನಾಗಿತ್ತು. ಅದಕ್ಕೇ ಅಳಿಸಿದಳು. ನೊಂದವನು ಪ್ರಶ್ನೆ ಕೇಳುತ್ತಾನೆ, ಕೇಳಿದ್ದು ಸಿಕ್ಕವನು ಸಿಹಿ ಹಂಚುತ್ತಾನೆ. ಕಿರಣ್‌ಕುಮಾರ್ ಹೊಸದುರ್ಗಕ್ಕೆ, ಆಶಾರಾಣಿ ದುರ್ಗಕ್ಕೆ, ಇಬ್ಬರ ಕೋರಿಕೆಯನ್ನೂ ಪರಿಗಣಿಸಿ. ತನ್ನ ಹೆಸರನ್ನು ಎರಡನೆಯದಾಗಿ ಹಾಕಿದಳು, ವಿನಯಕ್ಕೆ. ಕಾಗದದ ನಮೂನೆ ಹುಡುಕಬೇಕಾಗಿರಲಿಲ್ಲ. ಆದೇಶದ ನಮೂನೆಯನ್ನು ಪ್ರೋಗ್ರಾಮಿನ ಜೊತೆಗೇ ಅವಳೇ ಮಾಡಿಕೊಟ್ಟಿದ್ದಳು, ಸಂಖ್ಯೆ, ದಿನಾಂಕ, ವಿಷಯ ಎಲ್ಲ. ಸಿ.ಡಿ.ಯಲ್ಲಿದ್ದ ಆದೇಶಗಳ ಜೊತೆ ಪಕ್ಕ ಪಕ್ಕ ಇಟ್ಟು ಹೋಲಿಸಿದಳು. ಒಂದು ಚುಕ್ಕಿಯೂ ಹೆಚ್ಚು ಕಡಿಮೆ ಇರಲಿಲ್ಲ. ಸಹಿ ಹಾಕಿ, ಪರೀಕ್ಷೆಗೆ ಕೊಟ್ಟಳು. ಹಸಿರು. ಇನ್ನೊಮ್ಮೆ ಕೊಟ್ಟಳು. ಹಸಿರು. ಆ ಬಣ್ಣವನ್ನು ಆರಿಸಿದ್ದು ತಾನೇ ಎಂದು ನೆನಪಾಗಿ ಸ್ವಲ್ಪ ಹೆಮ್ಮೆಯಾಯಿತು.

ಗೋವಿಂದಯ್ಯನವರ ಬಗ್ಗೆ ಹೆದರಿಕೆ ಇರಲಿಲ್ಲ. ಅವರು ದಿನಕ್ಕೆ ಹತ್ತಾರು ಕಾಗದಗಳಿಗೆ ಸಹಿ ಮಾಡುತ್ತಿದ್ದರು, ಮಧ್ಯಾಹ್ನದ ನಿದ್ದೆಯಿಂದ ಎದ್ದ ಮೇಲೆ ಬೆಳಿಗ್ಗೆಯದು ನೆನಪಿರುತ್ತಿರಲಿಲ್ಲ. ಯಾರಾದರೂ ಕೇಳಿದರೆ, “ಕಂಪ್ಯೂಟರು ಹೌದು ಅಂದ್ಮೇಲೆ ನಾನ್ಯಾರಪ್ಪ ಅಲ್ಲ ಅನ್ನೋಕೆ?” ಎಂದಾರು. ಸನ್ಮಾನದ ದಿನ ನಿರಂಜನ್ ಮೈಕಿನಲ್ಲಿ ಹೇಳಿದ ಮಾತೂ ಅವಳ ಕಡೆಗೇ ಇತ್ತು: ಕಾಗದ ಯಾವ ದಾರಿಯಿಂದ ಬಂದರೂ ಚಿಂತೆಯಿಲ್ಲ, ಸಹಿ ಹೊಂದಿದರೆ ಅದು ಸೆಕ್ರೆಟರಿ ಸಾಹೇಬರದೇ. ಅವಳು ಅವನ ಮಾತನ್ನು ನಂಬಿದ್ದು ಅದೇ ಮೊದಲು.

ಶನಿವಾರ ಸಂಜೆ ವಾಪಸು ಬರುವಾಗ ಹೊಳಲ್ಕೆರೆಯಲ್ಲಿ ಇಳಿದುಬಿಟ್ಟಳು. ಅಲ್ಲಿ ಅವಳನ್ನು ಬಲ್ಲವರಿರಲಿಲ್ಲ. ಬಸ್‌ಸ್ಟ್ಯಾಂಡಿನ ಎದುರಿನ ಸೈಬರ್ ಕೆಫೆಯವನು ಹೆಸರು ಬರೆಯಲು ಹೇಳಿದ. ಇದನ್ನು ಮಾತ್ರ ಅವಳು ಯೋಚಿಸಿರಲಿಲ್ಲ. ಕೈಗೆ ಬಂದದ್ದನ್ನು ಬರೆದಳು.

“ಬರಗೇರಮ್ಮ” ಎಂದು ಅವನು ಗಟ್ಟಿಯಾಗಿ ಓದಿದ. “ದುರ್ಗದೋರೇನ್ರಿ?”

ದುರ್ಗದ ದೇವತೆಯ ಹೆಸರು. ಊರು ಮುಚ್ಚಿಡಲು ಊರ ದೇವತೆಯನ್ನೇ ಕರೆತಂದಿದ್ದಳು.

“ಅಲ್ಲ. ಹಿರಿಯೂರು.”

“ಹಿರಿಯೂರಾಗೂ ಅದೇ ಹೆಸ್ರು ಇಡ್ತಾರೇನ್ರಿ?”

“ನಮ್ಮಜ್ಜಿ ದುರ್ಗದೋರು.”

“ಹಂಗನ್ರಿ ಮತ್ತೆ. ಮೂರ್ನೇ ನಂಬರ್ ಕುಂತ್ಕಳ್ರಿ, ಮೌಸು ಸ್ವಲ್ಪ ಎಳೀತದೆ, ಹೊಂದಿಸ್ಕಳ್ರಿ.”

ಎಳೆಯುವ ಮೌಸು ಹಿಡಿದು, ಸಂಸ್ಥೆಯ ವಿಳಾಸದಿಂದ ಬಂದ ಹಾಗೆ ಕಾಣುವಂತೆ ಮಾಡಿ, ದುರ್ಗದ ಕಾಲೇಜಿಗೂ ಹೊಸದುರ್ಗದ ಕಾಲೇಜಿಗೂ ಆದೇಶವನ್ನು ಕಳಿಸಿದಳು. ಎದೆ ಹೊಡೆದುಕೊಳ್ಳುತ್ತದೆ ಎಂದುಕೊಂಡಿದ್ದಳು. ಹೊಡೆದುಕೊಳ್ಳಲಿಲ್ಲ. ಹೊರಗೆ ಬಂದು ಶೇಂಗಾ ಕೊಂಡು ತಿಂದಳು. ಮುಂದಿನ ಬಸ್ಸಿನಲ್ಲಿ ಸೀಟು ಸಿಕ್ಕಿತು.

ಭಾನುವಾರ ಮಗಳ ತಲೆಗೆ ಎಣ್ಣೆ ಹಚ್ಚುತ್ತಾ, “ಇನ್ಮೇಲೆ ಸ್ಕೂಲಿಂದ ಕರ್ಕೊಂಡು ಬರೋಕೆ ನಾನೇ ಬರ್ತೀನಿ” ಎಂದಳು.

“ಸುಳ್ಳು.”

“ನಿಜ. ನಾಳೆ ಒಂದಿನ ಹೋಗ್ಬರ್ತೀನಿ, ಅಷ್ಟೆ.”

ಸುಷ್ಮಿತಾ ಎಣ್ಣೆಯ ತಲೆಯನ್ನು ತಿರುಗಿಸಿ ಅವಳ ಮುಖವನ್ನು ನೋಡಿದಳು. ಆಮೇಲೆ, ಎಂದೂ ಇಲ್ಲದ್ದು, ಅಜ್ಜಿಗೆ ಹೇಳದ ಸುದ್ದಿಯೊಂದನ್ನು ಹೇಳಿದಳು: ಕ್ಲಾಸಿನ ಹುಡುಗನೊಬ್ಬ ತನ್ನ ರಬ್ಬರು ಕಚ್ಚಿ ತಿಂದ, ತಾನು ಮಿಸ್ಸಿಗೆ ಹೇಳಲಿಲ್ಲ, ಅವನಿಗೆ ಹೊಟ್ಟೆ ಹಸಿದಿತ್ತು. ಚಂದ್ರಕ್ಕ ಅಡಿಗೆಮನೆಯಿಂದ, “ಇದ್ಯಾವಾಗ್ಲೇ ಆಗಿದ್ದು? ನಂಗ್ಯಾಕೆ ಹೇಳ್ಲಿಲ್ಲ?” ಎಂದು ಕೂಗಿದಳು. ಆಶಾರಾಣಿಯ ಒಳಗೆ ಏನೋ ಸರಿದ ಹಾಗಾಯಿತು. ಬಹಳ ದಿನದಿಂದ ಬಳಸದ ಬಾಗಿಲು ತೆಗೆದರೆ ಹೀಗೇ ಸದ್ದಾಗುತ್ತದೆ ಎಂದುಕೊಂಡಳು.

ಸೋಮವಾರ ಹೊಸದುರ್ಗದ ಬಸ್ಸಿನಲ್ಲಿ ಬಸಮ್ಮನಿಗೆ, “ನಾಳೆಯಿಂದ ನಾನು ಬರಲ್ಲ” ಎಂದು ಹೇಳಿಯೂ ಬಿಟ್ಟಳು. “ಹಿಕ್ಕೆ ನೋಡಕ್ಕೆ ಇನ್ ಯಾರ್ ಬತ್ತಾರವ್ವ!” ಎಂದು ಬಸಮ್ಮ ಒಂದು ಹಿಡಿ ಕರಿಬೇವು ಕೊಟ್ಟಳು.

ಕಾಲೇಜಿನ ಕಚೇರಿಯಲ್ಲಿ ಗುಮಾಸ್ತ ಎತ್ತಪ್ಪ ಅವಳನ್ನು ನೋಡಿ ಎದ್ದು ನಿಂತ. ರಿಟೈರಾಗಲು ಹತ್ತಿರದಲ್ಲಿದ್ದವನು, ಪ್ರಿನ್ಸಿಪಾಲರಿಗೂ ಏಳುವವನಲ್ಲ.

“ಬರ್ರಿ ಮೇಡಂ, ಕುಂತ್ಕಳ್ರಿ. ನಿಮ್ದು ಆರ್ಡರ್ ಬಂದೈತೆ.”

“ಹೌದಾ? ಯಾವ ಆರ್ಡರ್?” ಎಂದಳು. ಈ ಮಾತನ್ನು ಬಸ್ಸಿನಲ್ಲಿ ಅಭ್ಯಾಸ ಮಾಡಿದ್ದಳು.

“ದುರ್ಗಕ್ಕೆ ಹಾಕವ್ರೆ. ಆದ್ರೆ ಅದ್ರಾಗೆ ಏನೋ ಫಾಲ್ಟ್ ಐತಂತೆ. ಸೆಕ್ರೆಟರಿ ಸಾಹೇಬ್ರು, ನಿರಂಜನ್ ಸಾರು ಇಬ್ರೂ ಕಾರಾಗೆ ಹೊಂಟವ್ರೆ. ನಿಮ್ಮನ್ನ ಇಲ್ಲೇ ಕೂಡ್ರಿಸ್ಕಳಾಕೆ ಹೇಳವ್ರೆ. ಟೀ ತರ್ಸಲಾ?”

ಅವಳು ಕರಿಬೇವನ್ನು ಮಡಿಲಿನಲ್ಲಿ ಇಟ್ಟುಕೊಂಡು ಕೂತಳು. ಚುಕ್ಕಿಗಳನ್ನೆಲ್ಲ ಒಮ್ಮೆ ಮನಸ್ಸಿನಲ್ಲೇ ಸುತ್ತಿ ಬಂದಳು. ಕೀಲಿ ಸರಿ. ಸಹಿ ಸರಿ. ನಮೂನೆ ಅವಳದೇ. ಗಣಿತದಲ್ಲಿ ಎಲ್ಲೂ ಬಿರುಕಿಲ್ಲ.

“ಸಹಿ ಹೊಂದಲಿಲ್ವಾ ಎತ್ತಪ್ಪನೋರೇ?”

“ಅಯ್ಯೋ, ಹೊಂದೈತೆ! ಹಸಿರು ಬಂದೈತೆ ಮೇಡಂ. ಅದೇ ಈಗ ತೊಂದ್ರೆ ಆಗಿರೋದು.” ಅವನು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದ. “ನಾನು ಈ ಹಸಿರು ಕಂಡೇ ಇಲ್ಲ. ಗಾಬರಿ ಆಗಿ ದುರ್ಗಕ್ಕೆ ಫೋನ್ ಹಚ್ಚಿದೆ. ನಿರಂಜನ್ ಸಾರ್ಗೆ ಕೊಟ್ರು. ಸೆಕ್ರೆಟರಿ ಸಾಹೇಬ್ರು ಅಲ್ಲೇ ಕುಂತಿದ್ರಂತೆ, ನಾನು ಇಂಥ ಆರ್ಡರ್ ಮಾಡೇ ಇಲ್ಲ ಅಂದ್ರಂತೆ. ಆಮೇಲೆ ನಮ್ ಪ್ರಿನ್ಸಿಪಾಲರ ಹತ್ರ ನಿರಂಜನ್ ಸಾರು ಫೋನಾಗೆ ಒದರಾಡಿದ್ದು ನಂಗೂ ಕೇಳ್ಸ್ತು. ‘ಆ ಪ್ರೋಗ್ರಾಮು ಬರ್ದಿದ್ದೇ ಆಶಾರಾಣಿ ಮೇಡಂ ಸಾರ್, ಪೂರ್ತಿ ಅವ್ರದ್ದೇ, ನಂಗೆ ಅದ್ರಾಗಿಂದು ಒಂದಕ್ಷರ ಗ್ಯಾನ ಇಲ್ಲ, ಆ ಸಹಿ ಹಾಕಾಕೆ ಈ ಜಿಲ್ಲೇಲಿ ಅವ್ರೊಬ್ಬರ ಕೈಲೇ ಆಗೋದು’ ಅಂದ್ರು. ನಾಕು ಸಲ ಅಂದ್ರು.”

ಆಶಾರಾಣಿ ಮೊದಲು ಖುಷಿಪಟ್ಟಳು. ಅದನ್ನು ತಡೆಯಲು ಅವಳಿಂದಾಗಲಿಲ್ಲ. ಗೋವಿಂದಯ್ಯನವರ ಎದುರು, ಯಾರೂ ಕೇಳದೆ, ಅವನ ಬಾಯಿಂದಲೇ ಬಂದಿತ್ತು. ಶಾಲೊಂದು ಕಡಿಮೆ, ಅಷ್ಟೆ. ಆಮೇಲೆ ಗೋಡೆಯ ಗಡಿಯಾರ ನೋಡಿದಳು. ಮಗಳ ಸ್ಕೂಲು ಬಿಡುವುದಕ್ಕೆ ಇನ್ನೂ ಬಹಳ ಹೊತ್ತಿತ್ತು. ಇವತ್ತಲ್ಲ, ನಾಳೆಯೂ ಅಲ್ಲ, ಇನ್ನು ಯಾವತ್ತೂ ಕರೆದುಕೊಂಡು ಬರಲು ನಾನೇ ಬರುತ್ತೇನೆ ಎಂದು ಮಗಳಿಗೆ ಹೇಳುವ ಮುಖ ತನಗಿರುವುದಿಲ್ಲ ಎಂದು ತಿಳಿದಾಗ ಒಳಗಿನ ಆ ಬಾಗಿಲು ಮತ್ತೆ ಸರಿಯಿತು, ಈ ಸಾರಿ ನೋವಾಯಿತು. ಹೊರಗೆ ಕಾರು ನಿಂತ ಸದ್ದು ಕೇಳಿದ ಹಾಗಾಯಿತು, ಆದರೆ ಅದು ಕಾಯಿ ತುಂಬಿದ ಟೆಂಪೋ.

“ಹಸಿರು ಕಂಡೇ ಇಲ್ಲ ಅಂದ್ರೆ?” ಎಂದು ಕೇಳಿದಳು.

“ದುರ್ಗದಿಂದ ಬರೋದು ಕೆಂಪೇ ಅಲ್ವಾ ಮೇಡಂ, ಶುರುವಿನಿಂದ್ಲೂ” ಎಂದ ಎತ್ತಪ್ಪ. “ಮೊದಲ್ನೇ ಸಲ, ಅದು ನಿಮ್ದೇ ಆರ್ಡರು, ಕೆಂಪು ಬಂತು ಅಂತ ಫೋನ್ ಮಾಡಿದ್ದೆ. ಅಲ್ಲಿ ರವಾನೆ ನೋಡ್ಕಳೋ ನಾಗಣ್ಣ ಇಲ್ವಾ, ‘ಕೆಂಪು ಬಂದ್ರೆ ನಮ್ದು ಅಂತ ತಿಳ್ಕಳೋ ಮಾರಾಯ’ ಅಂದ. ಹಿರಿಯೂರು, ಹೊಳಲ್ಕೆರೆ ಎಲ್ಲಾ ಕಡೆ ಹಂಗೇ ನಡೀತೈತೆ. ಕೆಂಪು ಬಂದ್ರೆ ಅಸಲಿ.” ಅವನು ಮೇಜಿನ ಮೇಲಿದ್ದ ಎರಡು ಕಾಗದಗಳನ್ನು ಅವಳ ಕಡೆ ತಿರುಗಿಸಿದ, ಒಂದು ಹಿಂದಿನ ವಾರ ದುರ್ಗದಿಂದ ಬಂದದ್ದು, ಒಂದು ಅವಳದು. ಹಿಂದಿನ ವಾರದ ಕಾಗದದ ನೆತ್ತಿಯ ಮೇಲೆ, ಸಂಖ್ಯೆಗೂ ದಿನಾಂಕಕ್ಕೂ ಮೇಲೆ, ನಟ್ಟನಡುವೆ, ಎರಡು ಜೋಡಿ ಗೆರೆಗಳ ನಡುವೆ ‘ಶ್ರೀ’ ಎಂದಿತ್ತು. ಅವಳನ್ನು ಈ ಊರಿಗೆ ಅಟ್ಟಿದ ಆದೇಶದ ಮೇಲೂ ಇತ್ತು, ನೋಟೀಸ್ ಬೋರ್ಡಿನಲ್ಲಿ ಅವಳು ದಿನಾ ಓದಿದ ಪ್ರತಿ ಸುತ್ತೋಲೆಯ ಮೇಲೂ ಇತ್ತು, ಎಲ್ಲದರ ಮೇಲೂ ಇರುವುದರಿಂದ ಯಾರಿಗೂ ಕಾಣುವುದಿಲ್ಲ. ಅವಳು ಮಾಡಿಕೊಟ್ಟ ನಮೂನೆಯಲ್ಲಿ ಮಾತ್ರ ಅದಿರಲಿಲ್ಲ. ಗೋವಿಂದಯ್ಯನವರು ಸಹಿ ಹಾಕಿದ ಮೇಲೆ, ಕಳಿಸುವ ಮುಂಚೆ, ನಾಗಣ್ಣ ಪ್ರತಿ ಸಾರಿ ಆ ಒಂದಕ್ಷರವನ್ನು ತನ್ನ ಕೈಯಾರೆ ಸೇರಿಸುತ್ತಿದ್ದ. ಒಂದಕ್ಷರ ಸೇರಿದರೆ ಆದೇಶ ಗುರುತು ಮಾಡುವ ಜಾಗವೇ ಬೇರೆಯಾಗುತ್ತದೆ, ಸಹಿಯ ಚುಕ್ಕಿ ಹತ್ತಿರದ್ದಾಗಿ ಉಳಿಯುವುದಿಲ್ಲ, ಪಟ್ಟಿ ಕೆಂಪಾಗುತ್ತದೆ. ಸಂಸ್ಥೆಯಿಂದ ಇಂದಿನವರೆಗೆ ಹೊರಟ ಒಂದೇ ಒಂದು ಅಸಲಿ ಆದೇಶವೂ ಹೊಂದಿರಲಿಲ್ಲ, ಹೊಂದಿದ್ದು ಅವಳದೊಂದೇ. “ನಾಗಣ್ಣಂದು ಅದೊಂದು ಪದ್ಧತಿ ಮೇಡಂ” ಎಂದು ಎತ್ತಪ್ಪ ಅವಳ ಕಾಗದದ ಖಾಲಿ ನೆತ್ತಿಯ ಮೇಲೆ ಬೆರಳಿಟ್ಟ. “ಬೋಳು ಹಣೆ ಕಾಗದ ಬಾಗ್ಲು ದಾಟ್ಸಬಾರ್ದು ಅಂತಾನೆ” ಎಂದು ಹೇಳುತ್ತಾ ತಲೆ ಎತ್ತಿದವನು ಅವಳ ಹಣೆಯನ್ನು ನೋಡಿ, ಮಾತು ನಿಲ್ಲಿಸಿ, ಟೀ ತರಲು ತಾನೇ ಎದ್ದು ಹೋದ.